ಬಾಗಿಲಿಗೆ ಒತ್ತಿಟ್ಟ ಕುರ್ಚಿ

ಕರ್ರ್... ಕರ್ರ್...

ನಡುರಾತ್ರಿ ಅವಳು ಕಣ್ಣು ಬಿಟ್ಟಳು. ಸದ್ದು ತನ್ನ ಕೋಣೆಯ ಬಾಗಿಲಿನದೇ. ಬೀಗದ ಸ್ಕ್ರೂಗಳನ್ನು ಯಾರೋ ಹೊರಗಿನಿಂದ ಬಿಚ್ಚುತ್ತಿದ್ದರು.

'ಕೊನೆಗೂ ಬಂತಲ್ಲ ಈ ದಿನ...'

ಮನೆಯ ಬಾಡಿಗೆ ಕರಾರಿನಲ್ಲಿದ್ದುದು ಲಿಫ್ಟ್ ಮೆಕ್ಯಾನಿಕ್ ಮತ್ತು ಅವನ ಅಕ್ಕನ ಹೆಸರು ಮಾತ್ರ. ಅಕ್ಕ ನರ್ಸು, ರಾತ್ರಿ ಪಾಳಿ. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದ ಇವಳಿಗೆ ಅವರು ಒಂದು ಕೋಣೆಯನ್ನು ಒಳಬಾಡಿಗೆಗೆ ಕೊಟ್ಟಿದ್ದರು. ಮನೆ ಯಜಮಾನ ಬಂದಾಗಲೆಲ್ಲ ಇವಳು 'ಎರಡು ದಿನಕ್ಕೆ ಬಂದ ಗೆಳತಿ'. ಚಪ್ಪಲಿ ಮಂಚದಡಿ, ಹಲ್ಲುಜ್ಜುವ ಬ್ರಷ್ಷು ಕೈಚೀಲದಲ್ಲಿ. ಒಮ್ಮೆ ಯಜಮಾನ ತನ್ನ ಕೀ ಹಾಕಿ ಇವಳ ಕೋಣೆಯನ್ನೇ ತೆರೆದು ನಿಂತಿದ್ದ. ಅಂದಿನಿಂದ ಬಾಗಿಲಿಗೆ ಕುರ್ಚಿ ಎಳೆದಿಟ್ಟೇ ಮಲಗುವುದು.

ಮೆಕ್ಯಾನಿಕ್ ಕೂಡ ಈಚೆಗೆ ಬದಲಾಗಿದ್ದ. ಅಡುಗೆಮನೆಯಲ್ಲಿ ನಗಿಸುತ್ತಿದ್ದವನು, ಈಗ ಅವಳು ಬಂದರೆ ಲೋಟ ಎತ್ತಿಕೊಂಡು ಹೋಗಿಬಿಡುತ್ತಿದ್ದ. ಸಂಜೆ ಯಜಮಾನನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು: "ಇನ್ನು ಹೀಗೆ ನಡೆಯಲ್ಲ. ಅವರ ವಿಷಯ ನಾಳೆನೇ ಇತ್ಯರ್ಥ ಆಗ್ಬೇಕು."

ಪೆಟ್ಟಿಗೆ ಕಟ್ಟಿಟ್ಟೇ ಮಲಗಿದ್ದಳು. ಎಲ್ಲಿಗೆ ಹೋಗುವುದೆಂದು ಮಾತ್ರ ಗೊತ್ತಿರಲಿಲ್ಲ.

ಕುರ್ಚಿ ಸರಿಸಿ ಬಾಗಿಲು ತೆರೆದಳು. ಅವನು ನೆಲದ ಮೇಲೆ ಕೂತಿದ್ದ, ಕೈಯಲ್ಲಿ ಹೊಸ ಬೀಗ.

"ಬೆಳಗಾಗೋವರೆಗಾದ್ರೂ ಕಾಯಬಹುದಿತ್ತು." ಅವಳು ಹೊಸ ಬೀಗದತ್ತ ಬೆರಳು ತೋರಿಸಿದಳು. "ಬೀಗ ಬದಲಾಯಿಸಿ ಹೊರಗೆ ಹಾಕ್ಬೇಕಾ? ನಾನೂ ಬಾಡಿಗೆ ಕೊಟ್ಟೇ ಇರೋಳು."

ಅವನು ಕಣ್ಣು ಕಣ್ಣು ಬಿಟ್ಟ. "ಹೊರಗೆ ಹಾಕೋಕೆ, ನೀವು ಒಳಗಿರುವಾಗ್ಲೇ ಬೀಗ ಬದಲಾಯಿಸ್ತಾರೇನ್ರೀ?"

ಅವಳು ಬಾಗಿಲನ್ನೂ ಅವನನ್ನೂ ನೋಡಿದಳು.

ಅವನು ಎರಡು ಕೀ ಚಾಚಿದ. "ಎರಡೂ ನಿಮ್ಮವೇ. ಮೂರನೇದು ಇಲ್ಲ, ಯಜಮಾನರ ಹತ್ರನೂ ಇಲ್ಲ. ನಾಳೆ ಕರಾರಿಗೆ ನಿಮ್ಮ ಹೆಸರೂ ಸೇರುತ್ತೆ. ಇಲ್ದಿದ್ರೆ ಮೂವರೂ ಖಾಲಿ ಮಾಡ್ತೀವಿ ಅಂದೆ, ಒಪ್ಪಿದ್ರು. ಬೆಳಿಗ್ಗೆ ಹಾಕೋಣ ಅಂತಿದ್ದೆ... ನೀವು ಕುರ್ಚಿ ಎಳೆದ ಸದ್ದು ಕೇಳಿಸ್ತು. ಆಮೇಲೆ ನಿದ್ದೆ ಹತ್ತಲಿಲ್ಲ."

"ಮತ್ತೆ ನನ್ನ ಕಂಡ್ರೆ ಮುಖ ತಪ್ಪಿಸ್ತಿದ್ದಿದ್ದು?"

ಅವನು ಸ್ಕ್ರೂಡ್ರೈವರನ್ನು ಅಂಗೈಯಲ್ಲಿ ಹೊರಳಿಸಿದ.

"ಒಂದು ಮಾತು ಕೇಳೋದಿತ್ತು," ಎಂದ ಕೊನೆಗೆ. "ನಿಮ್ಮ ಸೂರು ನನ್ನ ಕೈಲಿರುವಾಗ ಕೇಳಿದ್ರೆ, ನೀವು ಹೂಂ ಅಂದ್ರೂ ಅದು ಪ್ರೀತಿಗೋ ಭಯಕ್ಕೋ ಗೊತ್ತಾಗಲ್ಲ."

ಅವಳ ಕಣ್ಣು ತುಂಬಿಬಂತು. ಇಂಥವನನ್ನೇ ಅಲ್ಲವೇ ತಾನು ಶಪಿಸುತ್ತ ಮಲಗಿದ್ದು...

"ಸಹಿ ಆದ ಮೇಲೆ ಕೇಳಿ."

"ಬೇಡ ಅಂದ್ರೆ?"

"ಬೇಡ ಅಂದ್ರೂ ಇದೇ ಕೋಣೆಯಲ್ಲಿ ಇರ್ತೀನಿ."

"ಅದಕ್ಕೇ ತಾನೇ ಈ ಬೀಗ." ಅವನು ನಕ್ಕ. "ಹೂಂ ಅಂದ್ರೆ?"

ಅವಳು ಕೈಚೀಲದಿಂದ ಬ್ರಷ್ಷು ತೆಗೆದು, ಬಚ್ಚಲಿನ ಲೋಟದಲ್ಲಿ ಅವನ ಬ್ರಷ್ಷಿನ ಪಕ್ಕ ನಿಲ್ಲಿಸಿ ಬಂದಳು.

ಬೆಳಿಗ್ಗೆ ಪಾಳಿ ಮುಗಿಸಿ ಬಂದ ಅಕ್ಕ ಹುಬ್ಬೇರಿಸಿದಳು. "ಏನೇ, ನಿನ್ನ ಕಾವಲು ಕುರ್ಚಿಗೆ ಇವತ್ತು ರಜೆನಾ? ಬ್ರಷ್ಷು ಬೇರೆ ಲೋಟಕ್ಕೆ ಬಂದಿದೆ. ರಾತ್ರಿ ಏನು ನಡೀತು?"

"ಏನಿಲ್ಲಕ್ಕ. ಬೀಗ ಹಾಕಿದ್ರು ಅಷ್ಟೇ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು.

ಯಜಮಾನ ಇನ್ನೂ ಬರಬೇಕಿತ್ತು, ಸಹಿ ಆಗಬೇಕಿತ್ತು. ಆಮೇಲೂ ಅಷ್ಟೇ, ಕಳೆದ ರಾತ್ರಿಯ ಮಾತನ್ನು ಯಾರಿಗೂ ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿಕೊಂಡಳು. ಅಕ್ಕನಿಗೂ.