ಕಳೆದುಹೋದ ಹನ್ನೆರಡು ಮಿಲಿಮೀಟರ್

ಹುಡುಗಿ ಹೊಸ ಕಾಲಿನ ಮೇಲೆ ಎದ್ದು ನಿಂತಳು. ನಿಂತವಳು ಬಲಕ್ಕೆ ವಾಲಿದಳು.

"ಅಮ್ಮಾ, ಇಲ್ಲಿ ನೆಲ ಸರಿಯಿಲ್ಲ."

ನೆಲ ಸರಿಯಾಗಿಯೇ ಇತ್ತು. ಜೋಡಣೆ ಕೋಣೆಯ ಅಕ್ಕ ಟೇಪು ಹಿಡಿದು ಅಳೆದಳು. ಕೃತಕ ಕಾಲು ಹನ್ನೆರಡು ಮಿಲಿಮೀಟರ್ ಗಿಡ್ಡ. ಆ ಕಾರ್ಯಾಗಾರದಲ್ಲಿ ಈ ತಿಂಗಳು ಹೀಗಾದದ್ದು ಇದು ಮೂರನೆಯ ಸಲ.

"ಅಳತೆ ತೆಗೆದ ದಿನವೇ ಪರೀಕ್ಷೆಯ ಕಾಲಿನ ಮೇಲೆ ನಿಲ್ಲಿಸಿ ನೋಡಿ ತಿದ್ದಿದ್ದೆನಲ್ಲ," ಅಕ್ಕ ತನ್ನ ಕಂಪ್ಯೂಟರಿನ ಕಡೆ ತಿರುಗಿದಳು. "ಮುನ್ನೂರ ಮೂವತ್ತೆಂಟು ಇದ್ದದ್ದನ್ನ ಮುನ್ನೂರೈವತ್ತು ಮಾಡಿದ್ದೆ. ಈಗ ನೋಡಿದ್ರೆ ಮತ್ತೆ ಮೂವತ್ತೆಂಟೇ ಕೂತಿದೆ. ನಾನು ಬರೆದದ್ದನ್ನ ಯಾರು ಕದ್ದರು?"

ಎಲ್ಲರ ಕಣ್ಣೂ ಸ್ಕ್ರಿಪ್ಟಮ್ಮನ ಮೇಲೆ ಬಿತ್ತು.

ಅದು ಅವಳಿಗೆ ಅಲ್ಲಿನವರು ಇಟ್ಟ ಹೆಸರು. ಮೊದಲೆಲ್ಲ ಅಳತೆ ಕೋಣೆಯಿಂದ ಜೋಡಣೆ ಕೋಣೆಗೆ ಅಳತೆಗಳು ಕಾಗದದಲ್ಲಿ ಓಡಾಡುತ್ತಿದ್ದವು. ದಾರಿಯಲ್ಲಿ ಕೆಲವು ಕಳೆದೂ ಹೋಗುತ್ತಿದ್ದವು. ಎರಡು ತಿಂಗಳ ಹಿಂದೆ ಅವಳು ಎರಡು ಕೋಣೆಗಳ ಕಂಪ್ಯೂಟರುಗಳಿಗೆ ಒಂದು ತಂತಿ ಎಳೆದು, ಹದಿನೆಂಟು ಸಾಲಿನ ಶೆಲ್ ಸ್ಕ್ರಿಪ್ಟ್— ಕಂಪ್ಯೂಟರಿಗೆ ಆಜ್ಞೆಗಳ ಪುಟ್ಟ ಪಟ್ಟಿ— ಬರೆದಿದ್ದಳು. ಹತ್ತು ನಿಮಿಷಕ್ಕೊಮ್ಮೆ ಅದು ತಾನೇ ಎದ್ದು, ಎರಡೂ ಕಡೆಯ ಕಡತಗಳನ್ನು ಹೋಲಿಸಿ, ಹಳೆಯದರ ಜಾಗದಲ್ಲಿ ಹೊಸದನ್ನು ಇಡುತ್ತಿತ್ತು.

ಮ್ಯಾನೇಜರ್ ಕೆಟ್ಟವರಲ್ಲ. ಅದಕ್ಕೇ ಮೆಲ್ಲಗೆ ಹೇಳಿದರು: "ನೋಡಮ್ಮ, ಸಂಜೆ ಐದರೊಳಗೆ ಕಾರಣ ಸಿಕ್ಕರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಮತ್ತೆ ಕಾಗದ. ಆಮೇಲೆ ನಿಮಗೆ ಇಲ್ಲಿ ಕೊಡೋಕೆ ಬೇರೆ ಕೆಲಸ ನನ್ನ ಹತ್ರ ಇಲ್ಲ."

ಸ್ಕ್ರಿಪ್ಟಮ್ಮ ಹದಿನೆಂಟು ಸಾಲುಗಳನ್ನು ಹದಿನೆಂಟು ಸಲ ಓದಿದಳು. ಒಂದಕ್ಷರವೂ ತಪ್ಪಿರಲಿಲ್ಲ.

ಟೀ ಲೋಟವೊಂದು ಮೇಜಿನ ಮೇಲೆ ಬಂದು ಕುಳಿತಿತು. ತಂದವರು ಬಾಗಿಲಲ್ಲಿ ಸರದಿ ಚೀಟಿ ಕೊಡುವ ದೊಡ್ಡಮ್ಮ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಪತ್ರ ವಿಂಗಡಿಸಿ ನಿವೃತ್ತರಾದವರು. ಮುದ್ರೆ ನೋಡದೆ ಯಾವ ಲಕೋಟೆಯನ್ನೂ ನಂಬದವರು.

"ನಿನ್ನ ವಿದ್ಯೆ ನಂಗೆ ತಿಳಿಯಲ್ಲ ಮಗಳೇ. ಒಂದು ಹೇಳು— ಯಾವುದು ಹೊಸದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಉಳಿಸಿದ ಸಮಯ ಕಡತದ ಜೊತೆಗೇ ಇರುತ್ತೆ, ದೊಡ್ಡಮ್ಮ."

"ಅಂಚೆ ಮುದ್ರೆ ಹಾಗೆ?"

"ಹಾಗೇ."

"ಮುದ್ರೆ ಹೊಡೆಯೋರು ಯಾರು?"

"ಯಾರು ಅಂದ್ರೆ? ಆಯಾ ಕಂಪ್ಯೂಟರ್."

"ಹೂಂ," ಎಂದು ದೊಡ್ಡಮ್ಮ ಎದ್ದರು. "ಟೀ ಕುಡಿ. ಬಾ."

ದೊಡ್ಡಮ್ಮ ಮೊದಲು ಕೇಳಿದ್ದು ಅಕ್ಕನನ್ನು.

"ಬರೆದೆ, ಉಳಿಸೋದು ಮರೆತೆಯೇನಮ್ಮ?"

"ಮರೆಯೋಕೆ ನನಗೇನು ಅರಳುಮರಳೇ? ಬರೆದೆ, ಉಳಿಸಿದೆ, ಹುಡುಗಿಯ ತಾಯಿ ಕೈಲಿದ್ದ ಅಳತೆ ಹಾಳೆ ಮೇಲೂ ಗೀಚಿ ಕಳಿಸಿದೆ."

ಆಮೇಲೆ ಅಳತೆ ಮೇಷ್ಟ್ರು. ನಲವತ್ತು ವರ್ಷ ಕಾಲುಗಳನ್ನು ಅಳೆದ ಕೈ. ಕಂಪ್ಯೂಟರ್ ಬಂದ ದಿನ ಎಲ್ಲರಿಗಿಂತ ಹೆಚ್ಚು ಗೊಣಗಿದ್ದವರು ಅವರೇ.

"ಮೇಷ್ಟ್ರೇ, ಈ ಮಗು ಪಕ್ಕದ ಕೋಣೆಗೆ ಹೋದ ಮೇಲೆ ನೀವು ಕಡತ ತೆರೆದ್ರಾ?"

"ಇಲ್ಲ."

"ಒಂದು ಸಲವೂ?"

"ಇಲ್ಲ ಅಂದೆನಲ್ಲ. ಕಾಗದವೇ ವಾಸಿ ಅಂತ ಅವತ್ತೇ ಬಡಕೊಂಡೆ. ಕೇಳಿದವರು ಯಾರು?"

ಇವರೇ ಹಠಕ್ಕೆ ಹಳೇ ಸಂಖ್ಯೆ ಬರೆದಿರಬಹುದೇ? ಸ್ಕ್ರಿಪ್ಟಮ್ಮನ ಮನಸ್ಸಿಗೆ ಬಂದೇಬಿಟ್ಟಿತು. ಬೆಂಚಿನ ಮೇಲಿದ್ದ ಹುಡುಗಿಯ ತಾಯಿ ಅದನ್ನು ಅವಳ ಮುಖದಲ್ಲೇ ಓದಿದಳೋ ಏನೋ.

"ಅವರ ಮೇಲೆ ಅನುಮಾನ ಬೇಡಮ್ಮ. ಇದೇ ಊರಿನವರು ಅಳತೆ ಆದ ಮೇಲೆ ಇಲ್ಲಿ ಗಂಟೆಗಟ್ಟಲೆ ಕಾಯ್ತಾರೆ. ದೂರದವರು ಅಂತ ಗೊತ್ತಾದ್ರೆ ಮೇಷ್ಟ್ರು ಕೂರೋಕೂ ಬಿಡದೆ ನೇರ ಪಕ್ಕದ ಕೋಣೆಗೆ ಕರ್ಕೊಂಡು ಹೋಗ್ತಾರೆ. ಇವರ ದಯೆಯಿಂದ ನಮಗೆ ಕೊನೇ ಬಸ್ಸು ಒಂದು ದಿನವೂ ತಪ್ಪಿಲ್ಲ."

ದೊಡ್ಡಮ್ಮನ ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಅವತ್ತಿನ ಹಾಳೆ ಇದೆಯಾ ತಾಯಿ?"

ನಾಲ್ಕು ಮಡಿಕೆಯ ಹಾಳೆ ಚೀಲದಿಂದ ಹೊರಬಂತು. ಮೇಲೆ ಅಳತೆ ಕೋಣೆಯಲ್ಲಿ ಮುದ್ರಿಸಿದ ಅಳತೆ, ಪಕ್ಕದಲ್ಲಿ ಸಮಯ— 3:30. ಕೆಳಗೆ ಅಕ್ಕನ ಕೈಬರಹ— 350, ಮೂರೂಕಾಲು.

ಸ್ಕ್ರಿಪ್ಟಮ್ಮನೂ ಬಗ್ಗಿ ನೋಡಿದಳು. ಅವಳಿಗೆ ಅದರಲ್ಲಿ ಏನೂ ಕಾಣಲಿಲ್ಲ.

ಐದು ಗಂಟೆಗೆ ಎಲ್ಲರೂ ಹಜಾರದಲ್ಲಿ ಸೇರಿದರು.

"ಬಂದವರು ಮೊದಲು ಯಾವ ಕೋಣೆಗೆ ಹೋಗ್ತಾರೆ?" ದೊಡ್ಡಮ್ಮ ಕೇಳಿದರು.

"ಅಳತೆ ಕೋಣೆಗೆ," ಎಂದರು ಮ್ಯಾನೇಜರ್. "ಆಮೇಲೆ ಜೋಡಣೆಗೆ. ಇದೆಂಥ ಪ್ರಶ್ನೆ?"

"ಹಾಗಾದ್ರೆ ಮೂರೂವರೆಗೆ ಅಳತೆ ಕೋಣೆಯಲ್ಲಿದ್ದ ಮಗು, ಮೂರೂಕಾಲಿಗೇ ಪಕ್ಕದ ಕೋಣೆಯಲ್ಲಿ ನಿಂತದ್ದು ಹೇಗೆ?"

ದೊಡ್ಡಮ್ಮ ಹಾಳೆಯನ್ನು ಮೇಷ್ಟ್ರ ಮುಂದೆ ಹಿಡಿದರು.

"ಮೇಷ್ಟ್ರೇ, ನಿಮ್ಮ ಕೈಗಡಿಯಾರದಲ್ಲಿ ಈಗ ಎಷ್ಟು?"

ಮೇಷ್ಟ್ರು ಅಂಗಿಯ ತೋಳು ಮೇಲೆಳೆದುಕೊಂಡರು. "ಐದೂವರೆ."

ಹಜಾರದ ಗೋಡೆಯಲ್ಲಿ ಐದು ಗಂಟೆ.

"ಎಲ್ಲಾನೂ ಅರ್ಧ ಗಂಟೆ ಮುಂದೆ ಇಟ್ಟಿದ್ದೀನಿ," ಅವರ ದನಿ ಇಳಿಯಿತು. "ಕೈಯದ್ದು, ನನ್ನ ಕೋಣೆ ಗೋಡೆಯದ್ದು, ಕಂಪ್ಯೂಟರಿನದ್ದೂ. ಒಂದು ಸಲ ಹೊತ್ತು ಗೊತ್ತಾಗದೆ ಒಬ್ಬ ಅಜ್ಜನ್ನ ತಡಮಾಡಿಬಿಟ್ಟೆ. ಬಸ್ಸು ತಪ್ಪಿ, ಒಂಟಿ ಕಾಲಲ್ಲಿ ಬೆಳಗಿನತನಕ ನಿಲ್ದಾಣದಲ್ಲಿ ಕೂತಿದ್ದನಂತೆ. ಅದಾದ ಮೇಲೆ ಯಾರನ್ನೂ ತಡಮಾಡಿಲ್ಲ."

ಸ್ಕ್ರಿಪ್ಟಮ್ಮನ ತಲೆಯಲ್ಲಿ ದೀಪ ಹತ್ತಿತು. "ಅಯ್ಯೋ ದೊಡ್ಡಮ್ಮ. ಇವರು ಉಳಿಸಿದ್ದು ಮೂರಕ್ಕೆ, ಮುದ್ರೆ ಬಿದ್ದದ್ದು ಮೂರೂವರೆ ಅಂತ. ಅಕ್ಕ ಮೂರೂಕಾಲಿಗೆ ತಿದ್ದಿದ್ಲು. ಮೂರೂ ಇಪ್ಪತ್ತಕ್ಕೆ ಸ್ಕ್ರಿಪ್ಟ್ ಎದ್ದು ನೋಡಿದಾಗ ಮೇಷ್ಟ್ರದ್ದೇ ಹೊಸದಾಗಿ ಕಂಡಿದೆ. ಅಕ್ಕನದ್ದನ್ನ ಅಳಿಸಿಬಿಟ್ಟಿದೆ."

"ಊರಿನವರು ಬೆಂಚಿನ ಮೇಲೆ ಕಾಯೋದ್ರಲ್ಲಿ ಆ ಅರ್ಧ ಗಂಟೆ ಕರಗಿಹೋಗುತ್ತೆ, ಅವರ ಕಾಲು ಸರಿಯಾಗೇ ಇವೆ," ಎಂದರು ದೊಡ್ಡಮ್ಮ. "ತಪ್ಪಿದ್ದು ನೇರ ಹೋದವರದ್ದು. ನನ್ನ ಸರದಿ ಪುಸ್ತಕ ನೋಡಿದೆ— ಆ ಮೂವರೂ ದೂರದವರೇ. ಕಳ್ಳ ಬೇರೆ ಯಾರೂ ಅಲ್ಲ, ಮೇಷ್ಟ್ರ ಗಡಿಯಾರ. ಒಳ್ಳೇ ಮನಸ್ಸಿಂದ ಇಟ್ಟ ಗಡಿಯಾರ."

ಮೇಷ್ಟ್ರು ತಲೆತಗ್ಗಿಸಿದರು. ಸ್ಕ್ರಿಪ್ಟಮ್ಮ ಸುಮ್ಮನಿರಲಿಲ್ಲ.

"ನಂದೂ ತಪ್ಪಿದೆ ಸರ್. ಎರಡು ಗಡಿಯಾರ ಒಂದೇ ಹೊತ್ತು ಹೇಳ್ತಿವೆಯಾ ಅಂತ ನಾನು ನೋಡಲೇ ಇಲ್ಲ. ಸೋತ ಕಡತವನ್ನ ಅಳಿಸದೆ ಎತ್ತಿಡಬೇಕಿತ್ತು. ಮನಸ್ಸಲ್ಲಿ ಮೇಷ್ಟ್ರನ್ನ ಬೈದೆ, ಅದು ಇನ್ನೊಂದು ತಪ್ಪು."

"ಬೈದದ್ದು ನಂಗೆ ಕೇಳಿಸಿಲ್ಲ," ಎಂದರು ಮೇಷ್ಟ್ರು.

ಮ್ಯಾನೇಜರ್ ಕೇಳಿದರು: "ಹದಿನೆಂಟು ಸಾಲಿಗೆ ಇನ್ನೆಷ್ಟು ಸೇರಿಸಬೇಕು?"

"ಐದು ಸರ್. ಅಲ್ಲ, ಆರು."

"ಹಾಗಾದ್ರೆ ನಾಳೆ ಬೇಗ ಬನ್ನಿ."

ಮುಂದಿನ ವಾರ ಹುಡುಗಿ ಮತ್ತೆ ಎದ್ದು ನಿಂತಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಬಗ್ಗಿ ಕೆಳಗೆ ನೋಡಿದಳು.

"ನೆಲ ಸರಿ ಮಾಡಿಸಿದ್ರಾ?"

ಅಕ್ಕ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅಳತೆ ಕೋಣೆಯ ಕಂಪ್ಯೂಟರ್— ಈಗ ಸರಿಯಾದ ಹೊತ್ತು ಹೇಳುವ ಕಂಪ್ಯೂಟರ್— ಮೆಲ್ಲಗೆ ಗಂಟೆ ಬಾರಿಸಿತು. ತೆರೆಯ ಮೇಲೆ ದೊಡ್ಡ ಅಕ್ಷರ: 'ಮೇಷ್ಟ್ರೇ, ಕೊನೇ ಬಸ್ಸಿಗೆ ಇನ್ನು ಅರ್ಧ ಗಂಟೆ.'

ಅದು ಸ್ಕ್ರಿಪ್ಟಮ್ಮ ಸೇರಿಸಿದ ಆರನೆಯ ಸಾಲು.

"ಹೊರಡಿ ಹೊರಡಿ, ಬಸ್ಸಿಗೆ ಹೊತ್ತಾಯ್ತು," ಮೇಷ್ಟ್ರು ತಾಯಿಯ ಚೀಲ ಎತ್ತಿಕೊಂಡು ಬಾಗಿಲಿಗೆ ಓಡಿದರು.

ಹುಡುಗಿ ಮಾತ್ರ ಅವಸರ ಮಾಡಲಿಲ್ಲ. ಹಜಾರದ ಉದ್ದಕ್ಕೂ ಒಂದೊಂದೇ ಹೆಜ್ಜೆ ಇಡುತ್ತ, ಎಣಿಸುತ್ತ, ನೆಟ್ಟಗೆ ನಡೆದುಹೋದಳು.