ಹುಂಡಿಯೊಳಗಿನ ಒಂಟಿ ಚಿಪ್ಪು

2025ರ ಆಗಸ್ಟ್ 15, ಶುಕ್ರವಾರ, ಬೆಳಿಗ್ಗೆ 11.20. ಅಂಕೋಲೆಯ ಠಾಣೆಯಲ್ಲಿ ಪಿಎಸ್‌ಐ ಹರಿಣಿ ಹೆಗಡೆಯ ಬಾಯಲ್ಲಿ ಧ್ವಜಾರೋಹಣದ ಲಾಡು ಇನ್ನೂ ಕರಗಿರಲಿಲ್ಲ. ಹಾರವಾಡ ಬದಿಯ ತೆಂಗಿನಬೇಲೆ ಶಾಲೆಯ ಹೆಡ್‌ಮಾಸ್ತರ ಬೊಮ್ಮಯ್ಯ ಒಳಗೆ ಬಂದವರೇ ಒಂದು ಹಿಡಿ ಸಮುದ್ರದ ಚಿಪ್ಪು ಮೇಜಿನ ಮೇಲೆ ಸುರಿದರು.

"ಇದೆಂತ ಮಾಸ್ತರೆ?"

"ನಮ್ಮ ಮಾನಸಾನ ಕಿವಿ ಮಶೀನು, ಮೇಡಂ," ಎಂದು ಕುರ್ಚಿ ಎಳೆದು ಕೂತರು.

ಏಳನೇ ಕ್ಲಾಸಿನ ಮಾನಸಾಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಅವಳ ಮಶೀನಿಗಾಗಿ ಮಕ್ಕಳು ಬೇಸಿಗೆಯಿಡೀ ಹೆದ್ದಾರಿ ಬದಿ ಇಶಾಡ ಮಾವಿನಹಣ್ಣು ಮಾರಿದ್ದರು. ಶಿಕ್ಷಕರು ಒಂದೊಂದು ದಿನದ ಸಂಬಳ ಹಾಕಿದ್ದರು. ಎಲ್ಲ ಸೇರಿದ್ದು ಒಂದು ದೊಡ್ಡ ಮಣ್ಣಿನ ಹುಂಡಿಗೆ. ಬೆಳಿಗ್ಗೆ ಧ್ವಜಾರೋಹಣ ಮುಗಿದ ಮೇಲೆ, ಊರೆಲ್ಲ ಸೇರಿದ್ದ ಶಾಲೆಯ ಅಂಗಳದಲ್ಲಿ ಮಾನಸಾಳ ಕೈಯಿಂದಲೇ ಅದನ್ನು ಒಡೆಸಿದರು. ಒಳಗಿದ್ದದ್ದು ಬರೀ ಚಿಪ್ಪು.

"ಅವಳಿಗೆ ಸಪ್ಪಳ ಕೇಳ್ಳಿಲ್ಲ ಮೇಡಂ. ನಗ್ತಾನೇ ಇದ್ಳು. ನಮ್ಮ ಮುಖ ನೋಡಿ ಆಮೇಲೆ ನಿಲ್ಸಿದ್ಳು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 1.15ಕ್ಕೆ ಶಾಲೆಯಲ್ಲಿ ಸ್ಥಳ ಪಂಚನಾಮೆ. ಹುಂಡಿ ಇಟ್ಟಿದ್ದ ಕಪಾಟಿನ ಬೀಗ ಒಡೆದಿರಲಿಲ್ಲ. ಅದರ ಕೀಲಿ ಗಡಿಯಾರದ ಹಿಂದೆ ತೂಗುವುದು ಸಿಬ್ಬಂದಿಗೆಲ್ಲ ಗೊತ್ತಿತ್ತು. ಒಡೆದ ಚೂರು ಹೊಸ ಹುಂಡಿಯದು, ಹಳೆಯದರ ಹಾಗೆಯೇ ಸುಣ್ಣ ಬಳಿದು ಯಾರೋ ಬದಲಿಸಿ ಇಟ್ಟಿದ್ದರು. ಹರಿಣಿ ಚಿಪ್ಪುಗಳನ್ನು ಎಣಿಸಲು ಹೊರಟಾಗ ಕಾನ್‌ಸ್ಟೆಬಲ್ ದುರ್ಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಗೂದೆಂತಕ್ಕೆ?"

"ನೀವು ಹಿಲ್ಲೂರ ಬದಿಯೋರು ಮೇಡಂ, ಮೀನು ಮುಟ್ಟದೇ ಸೌತೆಕಾಯಿ ತಿಂದು ಬೆಳೆದೋರು. ಇದೆಲ್ಲ ನಿಮಗೆ ತಿಳೂದಿಲ್ಲ."

"ತಿಳಿಸು ಮಾರಾಯ್ತಿ."

"ನಮ್ಮ ಹಾರವಾಡದಲ್ಲಿ ಈ ಚಿಪ್ಪಿನ ಬಳಚು ಇಡೀದೇ ಬೇಯಿಸೂದು. ಬೆಂದ್ರೆ ತಾನೇ ಬಾಯಿ ಬಿಡ್ತದೆ, ಎರಡೂ ಚಿಪ್ಪು ಅಂಟ್ಕಂಡೇ ಇರ್ತದೆ. ಇದು ನೋಡಿ, ಎಲ್ಲ ಒಂಟಿ. ಅಂಚಿಗೆ ಈಳಿಗೆ ತಾಗಿದ ಗಾಯ. ಹಸೀದನ್ನೇ ಸೀಳಿ, ಮಾಂಸ ಇದ್ದ ಬದಿ ಪಾತ್ರೆಗೆ, ಖಾಲಿ ಬದಿ ಹಿತ್ತಲಿಗೆ. ಏಕ ಶಿಪ್ಪಿ ಅಂತ್ರು. ಕಾರವಾರದ ಕೊಂಕಣಿ ಮನೆ ಕೆಲ್ಸ."

ಹರಿಣಿ ತಿರುಗಿದಳು. "ಮಾಸ್ತರೆ, ಕಾರವಾರದಿಂದ ಬರೋರು ಯಾರು?"

"ನಮ್ಮ ಟೀಚರು, ರಂಜನಾ ಅಕ್ಕೋರು ಒಬ್ರೇ. ಆದ್ರೆ ಮೇಡಂ, ಹುಂಡಿ ಇಡುವಾ ಹೇಳಿ ಶುರು ಮಾಡಿದ್ದೇ ಅವ್ರು!"

ಆಗಸ್ಟ್ 17, ಕಾರವಾರದ ಭಾನುವಾರದ ಸಂತೆ. ಮಡಕೆ ಮಾರುವ ನಾಗು ರಂಜನಾಳ ಫೋಟೋ ನೋಡಿದ ಕೂಡಲೇ ಗುರುತಿಸಿದಳು.

"ಈ ಬಾಯಿನಾ? ಎರಡು ವಾರ ಆಯ್ತು. ಇದ್ದದ್ರಲ್ಲಿ ದೊಡ್ಡ ಹುಂಡಿ ಕೊಡು ಅಂದ್ರು. ಲಾಟರಿ ಹೊಡೀತಾ ಬಾಯಿ ಅಂತ ಚೇಷ್ಟೆ ಮಾಡ್ದೆ. ನಗಲೇ ಇಲ್ಲ ಪಾಪ."

ಆಗಸ್ಟ್ 18, ಬೆಳಿಗ್ಗೆ 8.10, ಕಾರವಾರದ ಕೋಡಿಬಾಗದ ಮನೆ. ರಂಜನಾ ಟಿಫಿನ್ ಡಬ್ಬಿ ಹಿಡಿದು ಬಸ್ಸಿಗೆ ಹೊರಟಿದ್ದಳು. ಹಿತ್ತಲಲ್ಲಿ ಮೊಣಕಾಲೆತ್ತರ ಒಂಟಿ ಚಿಪ್ಪಿನ ರಾಶಿ. ದುರ್ಗಿ ಅದನ್ನು ನೋಡಿ ತಲೆ ತಗ್ಗಿಸಿದಳು. ಅವಳ ಮಗಳೂ ಈ ಅಕ್ಕೋರ ಕೈಲೇ ಕಲಿತವಳು.

"ಹಳೇ ಹುಂಡಿ ಎಲ್ಲಿ ಒಡೆದ್ರಿ?"

"ಇಲ್ಲೇ."

"ದುಡ್ಡು?"

"ಒಬ್ಬ ದಲ್ಲಾಳಿಗೆ ಕೊಟ್ಟೆ. ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕಿ ನಾನು. ಈ ಸಲ ತೆಗೀತ್ರು ಹೇಳಿ ಸುದ್ದಿ ಬಂತು. ಖಾಯಂ ಮಾಡಿಸ್ತೆ ಅಂದ. ಹುಂಡಿ ಒಡೆಯೂದು ದೀಪಾವಳಿಗೆ ಅಂತ ಇತ್ತು, ಅಷ್ಟ್ರೊಳಗೆ ತುಂಬಿಸಿಡುವಾ ಅಂದ್ಕಂಡಿದ್ದೆ. ಮಾಸ್ತರು ಆಗಸ್ಟ್ ಹದಿನೈದಕ್ಕೇ ಒಡೆಸಿದ್ರು. ಈಗ ಅವನ ಫೋನೇ ಹತ್ತೂದಿಲ್ಲ."

"ಅದಕ್ಕೆ ಮಕ್ಕಳ ಹುಂಡಿಯೇ ಆಗ್ಬೇಕಿತ್ತಾ?"

"ಆ ಮಕ್ಕಳನ್ನ ಬಿಟ್ಟು ಹೋಗೂಕೆ ಆಗ್ಲಿಲ್ಲ ಮೇಡಂ."

8.50ಕ್ಕೆ ಬಂಧನ. ದಲ್ಲಾಳಿಯ ಮೇಲೆ ಬೇರೆ ಪ್ರಕರಣ ದಾಖಲಾಯಿತು; ಅವನ ಮನೆಗೆ ಬೀಗ ಬಿದ್ದಿತ್ತು, ದುಡ್ಡು ಸಿಗಲಿಲ್ಲ. ಮಕ್ಕಳ ಜತೆ ಇರುವ ಆಸೆಗೆ ಮಕ್ಕಳದ್ದನ್ನೇ ಕಳೆದವಳು ಠಾಣೆಯ ಬೆಂಚಿನಲ್ಲಿ ಕೂತು, ಸ್ವಇಚ್ಛಾ ಹೇಳಿಕೆಗೆ ಸಹಿ ಹಾಕುವಾಗ ಪೆನ್ನು ತಡೆದಳು.

"ಒಂದು ಬರ್ಕಳ್ತ್ರಾ ಮೇಡಂ? ಹೊಸಾ ಅಕ್ಕೋರಿಗೆ ಹೇಳೂಕೆ. ಮಾನಸಾ ತುಟಿ ನೋಡಿ ಕಲಿಯೂದು. ಬೋರ್ಡಿಗೆ ಮುಖ ಮಾಡಿ ಪಾಠ ಮಾಡಿದ್ರೆ ಅವಳಿಗೆ ಎಂತದೂ ಗೊತ್ತಾಗೂದಿಲ್ಲ."

ತನಿಖೆಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ಹರಿಣಿ ಹೇಳಿಕೆಯ ಕೊನೆಗೆ ಆ ಮಾತನ್ನೂ ಸೇರಿಸಿ, ಓದಿ ಹೇಳಿ, ಸಹಿ ಮಾಡಿಸಿದಳು.