ಹಳದಿ ಫ್ರಾಕಿನ ಅಂಚು

"ಸಾರ್, ಆ ಹೊಲಿಗೆ ಮಾತ್ರ ಬಿಚ್ಚಬೇಡಿ," ಎಂದಳು ಠಾಣೆಯ ಉಗ್ರಾಣ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್. ಗಂಟನ್ನು ಮೇಜಿನ ಮೇಲಿಟ್ಟವಳೇ ಬಾಗಿಲ ತನಕ ಹಿಂದೆ ಸರಿದಿದ್ದಳು.

ಹೊಸ ಇನ್ಸ್‌ಪೆಕ್ಟರ್ ನಕ್ಕ. ನಲವತ್ತು ವರ್ಷ ಹಳೆಯ ಕೊಲೆಗಳ ತನಿಖೆ ಅವನ ಕೈಗೆ ಬಂದು ವಾರವಾಗಿತ್ತಷ್ಟೆ. ಶಾಲೆಯಿಂದ ಹೊರಟ ಮೂವರು ಹೆಣ್ಣುಮಕ್ಕಳು, ಒಬ್ಬಳ ಹಿಂದೊಬ್ಬಳು, ಮನೆ ಮುಟ್ಟಿರಲಿಲ್ಲ. ಕೊಂದವನ ಸುಳಿವೇ ಸಿಕ್ಕಿರಲಿಲ್ಲ. ಕಡೆಯವಳ ಹಳದಿ ಫ್ರಾಕು ಈಗ ಅವನ ಮುಂದಿತ್ತು. ಅದರ ಅಂಚನ್ನು ಯಾರೋ ಮಡಿಚಿ, ಉದ್ದನೆಯ ಕೂದಲಿನಿಂದ ಒತ್ತೊತ್ತಾಗಿ ಹೊಲಿದಿದ್ದರು.

"ಗುರುತು ಹಿಡಿಯೋಕೆ ಕರೆಸಿದಾಗ ಅವಳ ತಾಯಿ ಹೊಲಿದದ್ದು ಸಾರ್, ತನ್ನ ತಲೆಕೂದಲೇ ಕಿತ್ತು. ಕೊಂದೋನು ಸಿಕ್ಕ ಮೇಲೆ ಬಿಚ್ಚಿ, ಅದಕ್ಕೆ ಮುಂಚೆ ಬಿಚ್ಚಿದೋರಿಗೆ ನನ್ನ ಸಂಕಟ ಹತ್ತಲಿ ಅಂದ್ಳಂತೆ. ಹಿಂದೊಬ್ರು ಸಾಹೇಬ್ರು ಒಂದೆಳೆ ಕಿತ್ರು. ಈಗಲೂ ಆ ಶಾಲೆ ಗೇಟಿನ ಹತ್ರ ಕೂತಿರ್ತಾರೆ. ಹೆಂಡ್ತಿ ಮಕ್ಕಳು ಬಂದು ಕರೆದ್ರೆ, ನೀವ್ಯಾರು ಅಂತಾರೆ."

"ಅರವತ್ತಕ್ಕೆ ಅರಳುಮರಳು ಅಂತಾರಲ್ಲಕ್ಕ, ಅದು! ಕತ್ತರಿ ಕೊಡಿ."

ಮಡಿಕೆಯೊಳಗೆ ಕೊಂದವನ ರಕ್ತ ಉಳಿದಿರಬಹುದು. ಅದು ಪ್ರಯೋಗಾಲಯಕ್ಕೆ ಬೇಕಿತ್ತು. ಪಾಪ, ಆ ತಾಯಿಯ ಶಾಪ ಇಷ್ಟು ವರ್ಷ ಅವಳ ಶತ್ರುವಿಗೇ ಕಾವಲಾಗಿತ್ತು. ಇನ್ಸ್‌ಪೆಕ್ಟರಿಗೆ ಬೇಗ ಮನೆ ಸೇರುವ ಆತುರವೂ ಇತ್ತು. ದಿನಾ ಸಂಜೆ ಅವನು ಹೊಸ್ತಿಲಲ್ಲಿ ನಿಂತು, ಗುರುತೇ ಇಲ್ಲದವನಂತೆ, "ಯಾರಮ್ಮ ನೀನು? ನಿಮ್ಮಪ್ಪ ಯಾರು?" ಎಂದು ಕೇಳುವನು. ಆರು ವರ್ಷದ ಮಗಳು "ನೀನೇ!" ಎಂದು ಕಿರುಚಿ ಎರಡೂ ಕೈ ಎತ್ತುವಳು. ಎತ್ತಿಕೊಂಡರೆ ಆಟ ಮುಗಿಯಿತು. ಇಡೀ ದಿನದ ದಣಿವು ಆ ಒಂದು ಮಾತಿಗೆ ಇಳಿದುಹೋಗುತ್ತಿತ್ತು.

ಕತ್ತರಿ ಕಚಕ್ಕೆಂದಿತು.

ಇಲಿ ಹಿಕ್ಕೆ, ಹಳೆಯ ಅರಗು, ಮುಗ್ಗಲು ವಾಸನೆಯ ಆ ಕೋಣೆಯಲ್ಲಿ ತಲೆಯೆಣ್ಣೆಯ ಘಾಟು ಎದ್ದಿತು. ಆಗ ತಾನೇ ಹಚ್ಚಿದಂತೆ ಹಸಿ ವಾಸನೆ. ದೀಪ ಮಂಕಾಯಿತು. ಯಾರೋ ಹೆಂಗಸು ಬಿಕ್ಕುತ್ತಿದ್ದಳು. ಹತ್ತಿರದಲ್ಲೇ. ತೀರಾ ಹತ್ತಿರದಲ್ಲಿ. ಸದ್ದು ಅವನ ಗಂಟಲಿಂದಲೇ ಬರುತ್ತಿತ್ತು.

"ಸಾರ್, ಸಾಕು! ಬಿಡಿ ಸಾರ್!"

ಕೈ ನಿಲ್ಲಲಿಲ್ಲ. ಒಂದೆಳೆ ಕಿತ್ತ. ಜ್ವರದಲ್ಲಿ ಮಡಿಲಲ್ಲಿ ಮಲಗಿದ ಮಗು ಕಂಡಿತು. ಅವನ ಮಗುವಲ್ಲ. ಇನ್ನೊಂದೆಳೆ. ಅಲ್ಲಾಡುವ ಹಾಲುಹಲ್ಲು. ಮತ್ತೊಂದು. ಹೊಸ ಹಳದಿ ಫ್ರಾಕು ತೊಟ್ಟು ಗಿರ್ರನೆ ತಿರುಗಿದ ಹುಡುಗಿ. ಒಂದು ನೆನಪು ಒಳಬಂದರೆ ಅವನದೊಂದು ಹೊರಬೀಳುತ್ತಿತ್ತು. ತನ್ನ ಮಗಳ ಹೆಸರನ್ನು ಹಲ್ಲು ಕಚ್ಚಿ ಹಿಡಿದ. ಜಾರಿತು. ಮುಖ ಹಿಡಿದ. ಅದೂ ಜಾರಿತು. ಕಡೆಯ ಎಳೆ ಕಿತ್ತುಬಂದಾಗ ಮಡಿಕೆಯಲ್ಲಿ ಕಂದು ಕಲೆ ಕಂಡಿತು. ಅವನು ಅದನ್ನು ನೋಡಲೇ ಇಲ್ಲ. ಫ್ರಾಕನ್ನು ಎದೆಗವಚಿಕೊಂಡು ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಕಳೆದುಕೊಂಡವಳಂತೆ ಅತ್ತ.

ಸಂಜೆ ಹೆಡ್ ಕಾನ್‌ಸ್ಟೇಬಲ್ಲೇ ಅವನನ್ನು ಜೀಪಿನಲ್ಲಿ ಮನೆಗೆ ಕರೆತಂದಳು. ಬಾಗಿಲು ತೆರೆಯಿತು. ಎರಡು ಜಡೆಯ ಪುಟ್ಟ ಹುಡುಗಿ ಆಗಲೇ ನಗು ತಡೆದುಕೊಂಡು ನಿಂತಿದ್ದಳು.

ಅವನು ಅವಳನ್ನು ದಿಟ್ಟಿಸಿ ನೋಡಿದ. "ಯಾರಮ್ಮ ನೀನು? ನಿಮ್ಮಪ್ಪ ಯಾರು?"

"ನೀನೇ!" ಹುಡುಗಿ ಎರಡೂ ಕೈ ಎತ್ತಿದಳು.

ಜೀಪಿನ ಹತ್ತಿರ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಬಾಯಿಗೆ ಕೈ ಒತ್ತಿಕೊಂಡಳು.

"ಇಲ್ಲಮ್ಮ," ಎಂದ ಅವನು, ಮೆತ್ತಗೆ. "ನನ್ ಮಗಳು ಹೋಗಿ ನಲವತ್ತು ವರ್ಷ ಆಯ್ತು."

ಆಟ ಇವತ್ತು ಸ್ವಲ್ಪ ಉದ್ದವಾಯಿತೆಂದುಕೊಂಡು ಮಗು ಕೈ ಇಳಿಸದೆ ನಗುತ್ತಲೇ ನಿಂತಿತ್ತು.